ಮಾನಿಟರ್ ಮೇಲಿನ ಚೀಟಿ

ಪ್ರೋಗ್ರಾಮಿನ ಎಂಟು ಸಾಲು, ಹೆಚ್ಚೆಂದರೆ ಒಂಬತ್ತು. ಅಷ್ಟನ್ನು ಹೋದ ವರ್ಷ ದಸರೆಯ ಹೊತ್ತಿಗೆ ಬರೆದಿದ್ದರೆ ಲಿಂಗರಾಜ್ ಈ ಜೂನ್ ತಿಂಗಳಲ್ಲಿ ಕೆಲಸ ಕಾರ್ಯ ಬಿಟ್ಟು ಸಂಡೂರಿನ ಬಸ್ಸಿನಲ್ಲಿ ಕೂರಬೇಕಾಗಿರಲಿಲ್ಲ. ಪಕ್ಕೀರಪ್ಪ ಎಂಬ ಮನುಷ್ಯ ಎಂಟು ತಿಂಗಳು ಹೆಚ್ಚಿಗೆ ಗಣಿಯ ಧೂಳು ಕುಡಿಯಬೇಕಾಗಿರಲಿಲ್ಲ. ರೇಣುಕಮ್ಮನಂಥ ಹೆಣ್ಣುಮಗಳು ತಾನು ಮಾಡದ ತಪ್ಪಿಗೆ ಕೆಲಸ ಕಳೆದುಕೊಂಡು ಕಂಪ್ಲಿಯ ತೌರುಮನೆ ಸೇರಬೇಕಾಗಿರಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ ಹಿರಿಯರು. ಹಿರಿಯರಿಗೂ ವಿಷಯ ಪೂರ್ತಿ ಗೊತ್ತಿರಲಿಲ್ಲ. ನಾಳೆ ಎಂದವನ ಮನೆ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗುವುದು ಬೇರೆಯವರ ಮನೆ.

ಲಿಂಗರಾಜನದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಕೆಟ್ಟ ಪ್ರಿಂಟರು ರಿಪೇರಿ ಮಾಡುವುದು, ನಡುನಡುವೆ ಕೇಳಿದವರಿಗೆ ಸಣ್ಣ ಸಣ್ಣ ಪ್ರೋಗ್ರಾಮ್ ಬರೆದು ಕೊಡುವುದು. ಕಂಪ್ಲಿಯ ಒಂದು ಅಕ್ಕಿ ಗಿರಣಿಗೆ ಬರೆದಿದ್ದ, ಹಂಪಿಯ ನಾಲ್ಕೈದು ಗೆಸ್ಟ್ ಹೌಸುಗಳಿಗೆ ಬರೆದಿದ್ದ, ಕಡ್ಡಿರಾಂಪುರದ ಬೀಜದ ಅಂಗಡಿಗೆ ಬರೆದಿದ್ದ. ಇಂಟರ್ನೆಟ್ ಇರಲಿ ಬಿಡಲಿ, ಮೇಜಿನ ಮೇಲಿನ ಮಷೀನಿನಲ್ಲಿ ತಮ್ಮ ಪಾಡಿಗೆ ತಾವು ಓಡುವಂಥವು. ಲಿಂಗರಾಜ್ ಸರ್ ಮಾಡಿದ್ದು ಅಂದರೆ ಮುಗಿಯಿತು ಎಂದು ಜನ ಹೇಳುವುದನ್ನು ಕೇಳಿ ಕೇಳಿ ಅವನಿಗೂ ಹಾಗೆಯೇ ಅನಿಸತೊಡಗಿತ್ತು. ಹೊಗಳಿಕೆ ಮೈಗೆ ಹತ್ತುವುದು ತುಪ್ಪಕ್ಕಿಂತ ಬೇಗ.

ಊರಿನ ಒಂದು ಖಾಸಗಿ ತಪಾಸಣಾ ಕೇಂದ್ರಕ್ಕೂ ಅವನೇ ಪ್ರೋಗ್ರಾಮ್ ಬರೆದುಕೊಟ್ಟಿದ್ದು. ಸಂಡೂರಿನ ಗಣಿಗಳಲ್ಲಿ ದುಡಿಯುವವರನ್ನು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ತುಂಬಿಕೊಂಡು ಬಂದು ಎದೆಯ ಎಕ್ಸ್‌ರೇ ತೆಗೆಸುವ ಜಾಗ ಅದು. ಡಾಕ್ಟರಮ್ಮ ಫಿಲ್ಮ್ ನೋಡಿ ಹಾಳೆಯ ಮೇಲೆ ಗೀಚುತ್ತಿದ್ದರು, ರೇಣುಕಮ್ಮ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅಚ್ಚಾದ ವರದಿಯ ಒಂದು ಪ್ರತಿ ಗಣಿಯ ಆಫೀಸಿಗೆ, ಒಂದು ಕೆಲಸಗಾರನ ಕೈಗೆ.

ಪ್ರೋಗ್ರಾಮಿನಲ್ಲಿ ಎರಡು ವಿಂಡೋ. ಮೊದಲನೆಯದರಲ್ಲಿ ಅವತ್ತು ಬಂದವರ ಹೆಸರಿನ ಪಟ್ಟಿ. ಒಂದು ಹೆಸರು ಒತ್ತಿದರೆ ಎರಡನೆಯ ವಿಂಡೋ ತೆರೆಯುತ್ತದೆ. ಅದರಲ್ಲಿ ಆ ಮನುಷ್ಯನ ಎದೆಯ ವಿವರ ತುಂಬಬೇಕು. ಯಾರ ವಿವರ ಎಂಬುದನ್ನು ಮೊದಲನೆಯದು ಎರಡನೆಯದಕ್ಕೆ ಹೇಳುತ್ತಿದ್ದುದು ಒಂದೇ ಒಂದು ಸಲ, ಅದು ತೆರೆಯುವ ಗಳಿಗೆಯಲ್ಲಿ. ಅಂಗಡಿಗೆ ಹೊರಟವನ ಕೈಯಲ್ಲಿ ಸಾಮಾನಿನ ಚೀಟಿ ಕೊಟ್ಟು ಕಳಿಸಿದ ಹಾಗೆ. ಅವನು ಓಣಿ ದಾಟಿದ ಮೇಲೆ ಮನೆಯಲ್ಲಿ ಮನಸ್ಸು ಬದಲಾದರೆ ಅವನಿಗೇನು ಗೊತ್ತು? ಎರಡನೆಯ ವಿಂಡೋ ಮುಚ್ಚದೆ, ಮೊದಲನೆಯದರಲ್ಲಿ ಇನ್ನೊಂದು ಹೆಸರು ಒತ್ತಿದರೆ, ಎರಡನೆಯದು ಒಳಗೊಳಗೇ ಹಳೆಯ ಹೆಸರನ್ನೇ ಹಿಡಿದು ಕೂತಿರುತ್ತಿತ್ತು, ಹೊರಗೆ ಕಾಣುತ್ತಿರಲಿಲ್ಲ. ಹೊಸಬನ ವಿವರ ಹೋಗಿ ಹಳಬನ ವಿವರದ ಮೇಲೆ ಕೂರುತ್ತಿತ್ತು.

ಇದನ್ನು ಮೊದಲು ಕಂಡುಹಿಡಿದವಳು ರೇಣುಕಮ್ಮನೇ, ಪ್ರೋಗ್ರಾಮ್ ಹಾಕಿದ ಎರಡನೆಯ ದಿನ. ಪಿಯುಸಿ ಮುಗಿಸಿ ಟೈಪಿಂಗ್ ಕಲಿತವಳು, ಕಣ್ಣು ಚುರುಕು. ಲಿಂಗರಾಜ್ ಬಂದು ನೋಡಿದ. ಮೊದಲ ವಿಂಡೋದಲ್ಲಿ ಹೆಸರು ಬದಲಾದಾಗಲೆಲ್ಲ ಎರಡನೆಯದಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಬೇಕಿತ್ತು. ಅರ್ಧ ತಾಸಿನ ಕೆಲಸ. ಆದರೆ ಅವತ್ತು ಅವನಿಗೆ ಹಂಪಿಗೆ ಹೋಗುವುದಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದುಕೊಂಡು, ಒಂದು ಬಿಳಿ ಹಾಳೆಯ ತುಂಡಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಪ್ರತಿ ಸಲವೂ ಎರಡನೇ ವಿಂಡೋ ಮುಚ್ಚಿರಿ' ಎಂದು ಬರೆದು ಮಾನಿಟರಿನ ಮೂಲೆಗೆ ಅಂಟಿಸಿದ. ಅಕ್ಷರ ದುಂಡಗಿದ್ದವು. ತನ್ನ ಕೈಬರಹ ತಾನೇ ಮೆಚ್ಚಿಕೊಂಡು ಬೈಕು ಹತ್ತಿದ.

ಚೀಟಿ ಮೂರು ತಿಂಗಳು ಚೆನ್ನಾಗಿಯೇ ಕೆಲಸ ಮಾಡಿತು. ಹಳೆಯ ಮಷೀನು, ಎರಡನೆಯ ವಿಂಡೋ ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತಿತ್ತು. ನೂರೈವತ್ತು ಜನ ಸಾಲಿನಲ್ಲಿ ನಿಂತಾಗ ಅರ್ಧ ನಿಮಿಷ ಅಂದರೆ ಎಷ್ಟು ಎಂಬುದು ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ರೇಣುಕಮ್ಮ ಗೊಣಗದೆ ಮುಚ್ಚಿದಳು, ತೆರೆದಳು, ಮುಚ್ಚಿದಳು.

ಆಮೇಲೆ ಆಯುಧ ಪೂಜೆ ಬಂತು. ಆ ದಿನ ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಟಿಪ್ಪರಿನವರೆಗೆ ಎಲ್ಲಕ್ಕೂ ಸ್ನಾನ. ಕೇಂದ್ರದಲ್ಲಿ ಎಕ್ಸ್‌ರೇ ಮಷೀನನ್ನೂ ಕಂಪ್ಯೂಟರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ಒರೆಸುವಾಗ ಚೀಟಿ ಕಿತ್ತು ಬಂತು. ಪೂಜೆಗೆ ಕರೆದಿದ್ದರೆಂದು ಲಿಂಗರಾಜನೂ ಹೋಗಿದ್ದ; ಒಂದು ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ, ಇನ್ನೊಂದರಲ್ಲಿ ಮಿರ್ಚಿ. ರೇಣುಕಮ್ಮ ಒದ್ದೆಯಾದ ಚೀಟಿ ಹಿಡಿದುಕೊಂಡು ಬಂದು, ಇನ್ನೊಂದು ಬರೆದು ಹಚ್ಚಲೇ ಎಂದು ಕೇಳಿದಳು.

"ಬ್ಯಾಡ ಬಿಡಮ್ಮ," ಎಂದ ಲಿಂಗರಾಜ್, ಮಿರ್ಚಿ ಕಚ್ಚುತ್ತ. "ಹಬ್ಬದ ದಿನ ಹೊಸ ಮದಿಮಗಳಂಗ ಕಾಣ್ತೈತಿ, ಅದರ ಮಕಕ್ಕ ಚೀಟಿ ಯಾಕ? ನಾಳೆ ನಾನ ಸರಿ ಮಾಡಿ ಬಿಡ್ತೀನಿ. ಇನ್ನ ನೀ ಮುಚ್ಚೋದೂ ಬ್ಯಾಡ, ತೆಗೆಯೋದೂ ಬ್ಯಾಡ."

ರೇಣುಕಮ್ಮ ನಕ್ಕು ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದಳು. ಲಿಂಗರಾಜ್ ತನ್ನ ಅಂಗಡಿಯಲ್ಲೇ ಕೂತು ಇಂಟರ್ನೆಟ್ ಮೂಲಕ ಆ ಮಷೀನಿನ ಒಳಹೊಕ್ಕು ರಿಪೇರಿ ಮಾಡುವುದು ವಾಡಿಕೆ. ಹೇಳಿದ ಮೇಲೆ ಮಾಡಿರುತ್ತಾರೆ ಎಂದು ಅವಳು ನಂಬಿದಳು. ನಂಬದೆ ಇರಲು ಅವಳಿಗೆ ಕಾರಣವೇ ಇರಲಿಲ್ಲ. ಮರುದಿನ ವಿಜಯದಶಮಿ, ಬನ್ನಿ ಹಂಚುವುದರಲ್ಲಿ ಹೋಯಿತು. ಅದರ ಮರುದಿನ ಹಂಪಿಯ ಗೆಸ್ಟ್ ಹೌಸಿನವರು ಕರೆದರು. ಆಮೇಲೆ ಲಿಂಗರಾಜನಿಗೆ ಅದು ನೆನಪೇ ಆಗಲಿಲ್ಲ.

ಹಬ್ಬ ಕಳೆದು ನಾಲ್ಕು ದಿನಕ್ಕೆ ಗಣಿಯ ಬಸ್ಸು ಬಂತು. ಬೆಳಗಿನಿಂದ ರೇಣುಕಮ್ಮನ ಕೈ ಹಳೆಯ ರೂಢಿಯಂತೆ ವಿಂಡೋ ಮುಚ್ಚುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಸ್ಸಿನವನು ಹಾರ್ನ್ ಹೊಡೆಯತೊಡಗಿದಾಗ, ಸರ್ ಸರಿ ಮಾಡಿದ್ದಾರಲ್ಲ, ನಾನೇಕೆ ಒದ್ದಾಡುತ್ತಿದ್ದೇನೆ ಎನಿಸಿತು ಅವಳಿಗೆ. ಪಕ್ಕೀರಪ್ಪನ ವಿವರ ತುಂಬಿ, ವಿಂಡೋ ಮುಚ್ಚದೆ, ಅವನ ಹಿಂದೆ ನಿಂತಿದ್ದ ಅಂದಾನಪ್ಪನ ಹೆಸರು ಒತ್ತಿದಳು. ಅಂದಾನಪ್ಪನ ಎದೆ ಶುದ್ಧ. ಅದನ್ನೇ ಬರೆದಳು. ಅಷ್ಟರಲ್ಲಿ ಚಹಾ ಬಂತು, ಎಲ್ಲ ಮುಚ್ಚಿ ಎದ್ದಳು. ಮತ್ತೆ ಬಂದು ಕೂತ ಮೇಲೆ ಕೈ ತನ್ನ ಹಳೆಯ ರೂಢಿಗೇ ಮರಳಿತು. ಸಂಜೆ ತಾಳೆ ನೋಡುವಾಗ ಅಂದಾನಪ್ಪನ ಸಾಲು ಖಾಲಿ ಇತ್ತು. ತಾನು ಸೇವ್ ಒತ್ತಲು ಮರೆತೆನೆಂದುಕೊಂಡು ಹಾಳೆ ನೋಡಿ ಮತ್ತೆ ತುಂಬಿದಳು. ಪಕ್ಕೀರಪ್ಪನ ಸಾಲು ಖಾಲಿ ಇರಲಿಲ್ಲವಲ್ಲ, ಅದನ್ನು ಯಾರೂ ನೋಡಲಿಲ್ಲ. ಡಾಕ್ಟರಮ್ಮ ಅವನ ಹಾಳೆಯಲ್ಲಿ ಎರಡೂ ಶ್ವಾಸಕೋಶದಲ್ಲಿ ಧೂಳಿನ ಚುಕ್ಕೆ, ಕೂಡಲೇ ಧೂಳಿನ ಕೆಲಸ ಬಿಡಿಸಬೇಕು ಎಂದು ಬರೆದಿದ್ದರು. ಅಚ್ಚಾಗಿ ಅವನ ಕೈಗೆ ಬಂದದ್ದು: ಸಾಮಾನ್ಯ, ಕೆಲಸಕ್ಕೆ ಯೋಗ್ಯ.

ಇಷ್ಟೂ ಬಯಲಾದದ್ದು ಜೂನ್ ಒಂಬತ್ತರ ಸೋಮವಾರ. ಪಕ್ಕೀರಪ್ಪ ನಾಲ್ಕು ಮೆಟ್ಟಿಲು ಹತ್ತಲಾರದೆ, ಹೆಂಡತಿಯ ಹೆಗಲು ಹಿಡಿದುಕೊಂಡು ಕೇಂದ್ರಕ್ಕೆ ಬಂದ. ಡಾಕ್ಟರಮ್ಮ ಹಳೆಯ ಫಿಲ್ಮ್ ತೆಗೆಸಿ ನೋಡಿದರು, ತಮ್ಮದೇ ಕೈಬರಹದ ಹಾಳೆ ನೋಡಿದರು, ಅಚ್ಚಿನ ವರದಿ ನೋಡಿದರು. ಕೂಡಲೇ ಲಿಂಗರಾಜನಿಗೆ ಫೋನ್ ಹಚ್ಚಿ, ತಪ್ಪು ಮಷೀನಿನದೋ ಮನುಷ್ಯರದೋ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದ ಲಿಂಗರಾಜ್ ಅಂಗಡಿಯಲ್ಲೇ ಕೂತು ನೋಡಿದ. ಯಾವ ಸಾಲು ಎಷ್ಟು ಗಂಟೆಗೆ ಸೇವ್ ಆಯಿತೆಂದು ಪ್ರೋಗ್ರಾಮ್ ಬರೆದಿಡುತ್ತಿತ್ತು. ಪಕ್ಕೀರಪ್ಪನ ಸಾಲು ಹನ್ನೆರಡು ನಲವತ್ತೊಂದಕ್ಕೆ ಒಮ್ಮೆ, ಹನ್ನೆರಡು ನಲವತ್ನಾಲ್ಕಕ್ಕೆ ಇನ್ನೊಮ್ಮೆ. ಅವನಿಗೆ ಮಂಡಕ್ಕಿ, ಮಿರ್ಚಿ, ಒದ್ದೆ ಚೀಟಿ ಎಲ್ಲ ಒಟ್ಟಿಗೆ ನೆನಪಾದವು.

ಡಾಕ್ಟರಮ್ಮನಿಗೆ ಅವನು ಹೇಳಿದ್ದು ಇಷ್ಟೇ: ಪ್ರೋಗ್ರಾಮ್ ಹೇಗೆ ಬರೆದಿದೆಯೋ ಹಾಗೆಯೇ ಓಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಿಲ್ಲದ ಮಾತಿನಿಂದಲೇ ಒಬ್ಬರ ಕುತ್ತಿಗೆ ಕೊಯ್ಯಬಹುದು ಎಂಬುದು ಅವತ್ತು ಅವನಿಗೆ ಗೊತ್ತಾಯಿತು. ಸಂಜೆ ರೇಣುಕಮ್ಮ ಫೋನ್ ಮಾಡಿದಳು. ತಪ್ಪು ತನ್ನದೇನಾ, ಒಮ್ಮೆ ನೋಡಿ ಹೇಳಿ ಎಂದು ಬೇಡಿಕೊಂಡಳು. ನೋಡುತ್ತೇನೆ ಎಂದ, ಆಗಲೇ ನೋಡಿದ್ದವನು. ಮರುದಿನ ಅವಳನ್ನು ಕೆಲಸದಿಂದ ತೆಗೆದರು. ಅದರ ಮರುದಿನ ಲಿಂಗರಾಜ್ ಆ ಎಂಟು ಸಾಲು ಬರೆದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಮಹಾಶೂರ. ಬರೆಯಲು ಅರ್ಧ ತಾಸೂ ಹಿಡಿಯಲಿಲ್ಲ, ಇಪ್ಪತ್ತು ನಿಮಿಷ ಸಾಕಾಯಿತು.

ಹತ್ತು ದಿನ ಅವನು ಬಾಯಿ ಬಿಡಲಿಲ್ಲ. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡ. ಯಾರೂ ಕೇಳಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ರೇಣುಕಮ್ಮನ ಫೋನ್ ಬಂತು, ಕಂಪ್ಲಿಯಿಂದ. ಬೈಯುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡು ಎತ್ತಿದ.

"ಸರ್ರ, ನಾ ಮೊನ್ನೆ ಸಂಡೂರಿಗೆ ಹೋಗಿದ್ದೆ," ಎಂದಳು. "ಆ ಪಕ್ಕೀರಪ್ಪ ಯಜಮಾನ್ರ ಕಾಲಿಗೆ ಬಿದ್ದು ಬಂದೆ. ಕಂಪ್ಯೂಟರ್ ಸರಿ ಐತಿ, ನನ್ ಕೈನ ತಪ್ಪೈತಿ ಅಂತ ಹೇಳೀನ್ರಿ. ನಿಮ್ಮ ಪ್ರೋಗ್ರಾಮಿಗೆ ಯಾರೂ ಕೆಟ್ಟ ಹೆಸರಿಡಬಾರ್ದು. ಅದಕ್ಕ ನಿಮಗೂ ತಿಳಿಸಿದ್ರಾತು ಅಂತ ಮಾಡಿದೆ."

ಫೋನ್ ಇಡ್ತೀನ್ರಿ ಎಂದು ಅವಳೇ ಇಟ್ಟಳು. ಅವನು ಅಂಗಡಿಯ ಷಟರ್ ಎಳೆದು ನೆಟ್ಟಗೆ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹುಡುಗಿಯನ್ನು ವಾಪಸು ಕರೆಯಿರಿ, ಆದರೆ ಮೊದಲು ಸಂಡೂರಿಗೆ ಹೋಗಿ ಬನ್ನಿ ಎಂದರು. ಅಲ್ಲಿಂದಲೇ ಲಿಂಗರಾಜ್ ಬಸ್ಸು ಹತ್ತಿದ.

ಪಕ್ಕೀರಪ್ಪನ ಮನೆ ಸಂಡೂರು ದಾಟಿ ಒಂದು ಸಣ್ಣ ಊರಿನಲ್ಲಿ. ಹುಣಸೆ ಮರದ ಎಲೆಗೂ ಮನೆಯ ಗೋಡೆಗೂ ಒಂದೇ ಕೆಂಪು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನು ಲಿಂಗರಾಜನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬಹುದು, ನಲವತ್ತೇಳೋ ನಲವತ್ತೆಂಟೋ. ತೋಳು ಇನ್ನೂ ಗಟ್ಟಿ ಇದ್ದವು. ಉಸಿರು ಮಾತ್ರ ಮುದುಕನದು. ಹೆಂಡತಿ ದ್ಯಾಮಕ್ಕ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಕೊಟ್ಟು, ಕುಂದ್ರಿ ಎಂದು ಕಂಬಳಿ ಹಾಸಿದಳು. ಆಸ್ಪತ್ರೆಯವರೆಂದುಕೊಂಡಿದ್ದಳು.

ಗೋಡೆಯ ಮೇಲೆ ಹುಲಿಗೆಮ್ಮನ ಫೋಟೋ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಮೊಳೆ ಹೊಡೆದ ಒಂದು ಕಾಗದ. ಲಿಂಗರಾಜನಿಗೆ ಅದು ದೂರದಿಂದಲೇ ಗುರುತು ಸಿಕ್ಕಿತು. ಮೇಲಿನ ನೀಲಿ ಗೆರೆ ಅವನು ಹಾಕಿದ್ದು. ಅಕ್ಷರದ ಅಳತೆಯನ್ನು ಅವನೇ ಆರಿಸಿದ್ದು.

ಅವನ ಕಣ್ಣು ಅಲ್ಲಿಗೆ ಹೋದದ್ದು ಕಂಡು ದ್ಯಾಮಕ್ಕನೇ ಹೇಳತೊಡಗಿದಳು. ಹೋದ ಮುಂಗಾರಿನಿಂದಲೇ ಗಂಡನ ಕೆಮ್ಮು ಅವಳಿಗೆ ಸರಿ ಕಂಡಿರಲಿಲ್ಲ. ರೊಟ್ಟಿ ಬಡಿಯುತ್ತ ಕೂತಾಗ ಹಿತ್ತಲಿನಿಂದ ಆ ಸದ್ದು ಕೇಳಿದರೆ ಅವಳ ಕೈ ನಿಲ್ಲುತ್ತಿತ್ತಂತೆ. ಗಣಿಯಲ್ಲಿ ಕಲ್ಲು ಪುಡಿ ಮಾಡುವ ಆ ಕ್ರಷರ್ ಕೆಲಸ ಬಿಡು, ಕುರಿ ಕಾಯ್ದುಕೊಂಡಾದರೂ ಇರೋಣ ಎಂದು ದಿನಾ ಜಗಳ. ದಸರೆಯ ಹೊತ್ತಿಗೆ ಅವನೂ ಅರ್ಧ ಒಪ್ಪಿದ್ದ, ಎಕ್ಸ್‌ರೇ ಒಂದು ಆಗಲಿ ಎಂದಿದ್ದ. ಆಮೇಲೆ ಈ ಕಾಗದ ಬಂತು. ಅವಳು ಬಾಯಿ ತೆಗೆದಾಗಲೆಲ್ಲ ಅವನು ಮಾತಾಡದೆ ಗೋಡೆಯತ್ತ ಬೆರಳು ತೋರಿಸುತ್ತಿದ್ದ. ಕಂಪ್ಯೂಟರಿನಿಂದ ಬಂದದ್ದರ ಮುಂದೆ ಓದು ಬರಹ ಬಾರದ ಹೆಂಗಸಿನ ಕಿವಿ ಯಾವ ಲೆಕ್ಕ? ದೀಪಾವಳಿ ಕಳೆಯುವಷ್ಟರಲ್ಲಿ ಅವಳು ಸುಮ್ಮನಾದಳು.

ಲಿಂಗರಾಜ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ಉಪಯೋಗಕ್ಕೆ ಬರಲಿಲ್ಲ. ಆ ಕಾಗದ ನನ್ನ ಪ್ರೋಗ್ರಾಮಿನದು, ತಪ್ಪು ನನ್ನದು, ಗೊತ್ತಿದ್ದೂ ಸರಿ ಮಾಡದೆ ಚೀಟಿ ಅಂಟಿಸಿದೆ, ಆ ಚೀಟಿಯನ್ನೂ ನಾನೇ ತೆಗೆಸಿದೆ ಎಂದು ತಲೆ ತಗ್ಗಿಸಿ ಹೇಳಿ ಮುಗಿಸಿದ. ವಿಂಡೋ ಅಂದರೇನು ಎಂದು ಪಕ್ಕೀರಪ್ಪ ಕೇಳಲಿಲ್ಲ. ಕೇಳಿದ್ದು, ಅದನ್ನು ಸರಿ ಮಾಡಲು ಎಷ್ಟು ಹೊತ್ತು ಬೇಕಿತ್ತು ಎಂದು.

"ಅರ್ಧ ತಾಸು," ಎಂದ ಲಿಂಗರಾಜ್.

ಪಕ್ಕೀರಪ್ಪ ತಲೆಯಾಡಿಸಿದ. ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಂಡು ಹೇಳಿದ: "ನಮ್ಮಲ್ಲೂ ಹಂಗ ರೀ. ಕೈ ಸಿಗದಂಗ ಕ್ರಷರ್ ಬೆಲ್ಟಿಗೆ ತಂತಿ ಜಾಳಗಿ ಹಾಕ್ಬೇಕು. ಹಾಕಂಗಿಲ್ಲ. ಕೈ ಇಡಬ್ಯಾಡ್ರಿ ಅಂತ ಬೋರ್ಡ್ ಬರೀತಾರ. ಯಾರದಾರ ಕೈ ಹೋದಮ್ಯಾಲ ಜಾಳಗಿ ಬರ್ತೈತಿ." ಇನ್ನೊಮ್ಮೆ ಉಸಿರು ಎಳೆದುಕೊಂಡು, "ಬೋರ್ಡ್ ಬರ್ದವ ಮನಿಗೆ ಬಂದಿದ್ದು ಇದ ಮೊದಲು," ಎಂದ.

ಅದು ಮೆಚ್ಚುಗೆಯಲ್ಲ. ಬೈಗುಳವೂ ಅಲ್ಲ. ಬೈದಿದ್ದರೆ ಲಿಂಗರಾಜನಿಗೆ ಹಗುರವಾಗುತ್ತಿತ್ತು, ಹಗುರವಾಗಲಿ ಎಂದೇ ಅವನು ಬಂದಿದ್ದ. ಆದರೆ ದ್ಯಾಮಕ್ಕ ಎದ್ದುಹೋಗಿ ಗೋಡೆಯ ಕಾಗದದ ಮುಂದೆ ನಿಂತಿದ್ದಳು.

"ಹಂಗಾರ ಕಂಪ್ಯೂಟರಿಗಿಂತ ನನ್ ಕಿವೀನ ಖರೇ ಇತ್ತು," ಎಂದಳು, ಯಾರಿಗೂ ಅಲ್ಲದ ಹಾಗೆ. "ನಾ ಸುಮ್ಮನಾಗಬಾರ್ದಾಗಿತ್ತು."

ನಿಮ್ಮ ತಪ್ಪೇನೂ ಇಲ್ಲ ಅಕ್ಕ, ಎಲ್ಲ ನನ್ನದು ಎಂದು ಲಿಂಗರಾಜ್ ಮತ್ತೆ ಮತ್ತೆ ಹೇಳಿದ. ಅವಳಿಗೆ ಕೇಳಿಸಲಿಲ್ಲ. ತನ್ನ ಭಾರ ಇಳಿಸಲು ಬಂದವನು ಅದರ ಒಂದು ಪಾಲನ್ನು ಈ ಹೆಂಗಸಿನ ತಲೆಗೆ ಹೊರಿಸಿದ್ದ. ಅದನ್ನು ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲ. ಹೊರಟಾಗ ಅವಳು ಬಾಗಿಲವರೆಗೆ ಬಂದಳು. ಮೊನ್ನೆ ಬಂದಿದ್ದ ಹೆಣ್ಣುಮಗಳಿಗೆ ನಿನ್ನ ಕೈ ಸೇದಿ ಹೋಗಲಿ ಎಂದು ಶಾಪ ಹಾಕಿದ್ದಳಂತೆ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ಹೇಳಿ ಎಂದಳು. ಅವಳ ಕೈ ಚೆನ್ನಾಗಿರಲಿ ಎಂದಳು. ಲಿಂಗರಾಜನ ಕೈಯ ಬಗ್ಗೆ ಏನೂ ಹೇಳಲಿಲ್ಲ.

ಹೊಸಪೇಟೆಯಲ್ಲಿ ಇಳಿದು ಮನೆಗೆ ಹೋಗದೆ ಕಂಪ್ಲಿಯ ಬಸ್ಸು ಹಿಡಿದ. ಕಮಲಾಪುರ ದಾಟಿದ ಮೇಲೆ ಬಾಳೆ ತೋಟ, ಭತ್ತದ ಗದ್ದೆ, ಎಲ್ಲ ಹಸಿರು. ನೋಡುವ ಕಣ್ಣು ಇರಲಿಲ್ಲ. ರೇಣುಕಮ್ಮನ ತೌರುಮನೆ ಕೋಟೆಯ ಹತ್ತಿರ ಒಂದು ಸಂದಿಯಲ್ಲಿ. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ಅವನನ್ನು ಕಂಡು ಗಡಬಡಿಸಿ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಸರ್ರು ನಮ್ಮ ಮನೆಗೆ ಬಂದಿದ್ದಾರೆ ಎಂದು ತಾಯಿಗೆ ಕೂಗಿದಳು. ಅವಳ ಮುಖ ಅರಳಿದ್ದನ್ನು ನೋಡಲಾರದೆ ಲಿಂಗರಾಜ್ ಮೊರದಲ್ಲಿದ್ದ ಅಕ್ಕಿಯನ್ನು ನೋಡಿದ.

ಚಹಾ ಬರುವ ಮೊದಲೇ ಎಲ್ಲ ಹೇಳಿದ. ಆಯುಧ ಪೂಜೆಯ ದಿನ ಕೊಟ್ಟ ಮಾತು, ಮಾಡದೆ ಬಿಟ್ಟ ಕೆಲಸ, ಹನ್ನೆರಡು ನಲವತ್ನಾಲ್ಕು. ನಿನ್ನ ಕೈ ತಪ್ಪಿಲ್ಲ ಎಂದ. ದ್ಯಾಮಕ್ಕ ಶಾಪ ವಾಪಸು ತೆಗೆದುಕೊಂಡಿದ್ದಾಳೆ, ಡಾಕ್ಟರಮ್ಮ ಕರೆದಿದ್ದಾರೆ, ಸೋಮವಾರದಿಂದ ಕೆಲಸಕ್ಕೆ ಬಾ ಎಂದ. ಒಳ್ಳೆಯ ಸುದ್ದಿಯನ್ನೆಲ್ಲ ಕೊನೆಗೆ ಇಟ್ಟುಕೊಂಡಿದ್ದ. ಕಹಿ ಮದ್ದಿನ ಮೇಲೆ ಬೆಲ್ಲ ಕೊಟ್ಟ ಹಾಗೆ.

ರೇಣುಕಮ್ಮ ಮೊದಲು ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ಉಸಿರು ಬಿಟ್ಟಳು. ಹತ್ತು ಹನ್ನೆರಡು ದಿನದಿಂದ ಅನ್ನದ ಮುಂದೆ ಕೂತರೂ ಅದೇ ಯೋಚನೆ, ಯಾವ ಕೀ ತಪ್ಪಾಗಿ ಒತ್ತಿದೆ ಅಂತ, ಎಂದು ಮೆಲ್ಲಗೆ ಹೇಳಿದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಗೆದ್ದೆ ಎಂದುಕೊಂಡ ಲಿಂಗರಾಜ್, ಒಂದು ಗಳಿಗೆ. ಆಗ ಅವಳು ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು.

"ಸರ್ರ, ನಿಮಗಿದು ಯಾವತ್ತು ಗೊತ್ತಾತ್ರಿ?"

ನಿನ್ನೆ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. "ಒಂಬತ್ತನೇ ತಾರೀಖು," ಎಂದ. "ಸೋಮವಾರ, ಮಧ್ಯಾಹ್ನ."

"ಅವತ್ತ ಸಂಜೀಕ ನಾ ನಿಮಗ ಫೋನ್ ಹಚ್ಚಿದ್ದೆ."

"ಹೌದು."

"ನೋಡ್ತೀನಿ ಅಂದ್ರಿ."

"ಹೌದಮ್ಮ."

ಚಹಾ ಬಂತು. ರೇಣುಕಮ್ಮನೇ ತಾಯಿಯ ಕೈಯಿಂದ ಲೋಟ ತೆಗೆದುಕೊಂಡು ಅವನ ಮುಂದೆ ಇಟ್ಟಳು. ಬೇರೆ ಯಾರಾದರೂ ಆಗಿದ್ದರೆ ಲೋಟವನ್ನು ಮುಖಕ್ಕೆ ಎಸೆಯುತ್ತಿದ್ದರು. ಅವಳು ಚೆಲ್ಲದ ಹಾಗೆ ಇಟ್ಟಳು.

"ನಾ ದಿನಾ ಫೋನ್ ನೋಡ್ತಿದ್ದೆ ಸರ್ರ," ಎಂದಳು. "ನೋಡ್ತೀನಿ ಅಂದಾರ, ನೋಡಿ ಹೇಳ್ತಾರ ಅಂತ."

ಮೊರ ಎತ್ತಿಕೊಂಡು ಒಳಗೆ ಹೋದಳು. ಲಿಂಗರಾಜ್ ಕಟ್ಟೆಯ ಮೇಲೆ ಕೂತೇ ಇದ್ದ. ಚಹಾ ಆರಿತು. ಕೊನೆಗೆ ಅವಳ ತಾಯಿ ಬಂದು, ಐದೂವರೆಗೆ ಹೊಸಪೇಟೆ ಬಸ್ಸಿದೆ, ತಪ್ಪಿದರೆ ಮುಂದಿನದಕ್ಕೆ ಭಾಳ ಹೊತ್ತು ಕಾಯಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಸೋಮವಾರ ಬರುತ್ತಾಳೋ ಇಲ್ಲವೋ ಎಂದು ಅವನು ಕೇಳಿದ. ತಾಯಿ ಒಳಗೆ ಹೋಗಿ ಬಂದು, ನೋಡ್ತಾಳಂತ್ರಿ, ಎಂದಳು.